ಕುಣಿಗೆ ಜಾಗ ಬಿಟ್ಟ ಮನೆ

ಗದಗ ಹೊಸದಾಗಿ ಜಿಲ್ಲೆಯಾದ ವರ್ಷಗಳಲ್ಲಿ ಬೆಟಗೇರಿಯ ಅಂಚಿಗೆ, ಸ್ವಂತ ಸೂರಿಲ್ಲದವರಿಗಾಗಿ ಸರಕಾರದ ಹಣದಲ್ಲಿ ಸಣ್ಣ ಮನೆಗಳ ಸಾಲೊಂದು ಏಳುತ್ತಿತ್ತು. ಟೇಪು, ಕ್ಯಾಮೆರಾ ಹಿಡಿದು ಅಲ್ಲಿ ತಿರುಗುವುದು ನನ್ನ ಕೆಲಸ. ಬುನಾದಿಯಾದಾಗ ಒಂದು ಫೋಟೋ, ಗೋಡೆ ಎದ್ದಾಗ ಒಂದು, ಮುಗಿದಾಗ ಒಂದು. ಪ್ರತಿ ಸಲವೂ ಮನೆಯ ಒಡತಿ ಮುಂದೆ ನಿಂತಿರಬೇಕು. ಫೋಟೋ ಮತ್ತು ನನ್ನ ವರದಿ ಸರಿಯಿದ್ದರೆ ಮಾತ್ರ ಹಣದ ಮುಂದಿನ ಕಂತು.

ಆ ಸಾಲಿನ ಒಂದು ಮನೆಯ ಕಥೆಯನ್ನು ಹಲವು ಸಲ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗುತ್ತ ಬಂದಿದೆ. ಅದಕ್ಕೇ ಈಗ ಫೋಟೋಗಳನ್ನು ಎದುರಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಬುನಾದಿಯ ಫೋಟೋದಲ್ಲಿ ನಲವತ್ತರ ಆಸುಪಾಸಿನ ಹೆಂಗಸು ನಿಂತಿದ್ದಾರೆ. ಕಾಲ ಬಳಿ ಚೌಕಾಕಾರದ ಒಂದು ಕುಣಿ. ಅದೇನೆಂದು ಕೇಳಿದ್ದರೆ ಹೇಳುತ್ತಿದ್ದರು, ನಾನು ಕೇಳಲಿಲ್ಲ. ಹಿರೇಹಂದಿಗೋಳದ ಕಡೆಯ ಒಕ್ಕಲು ಮನೆಯವನು ನಾನು, ನೆಲದಲ್ಲಿ ಕುಣಿ ಕಂಡರೆ ಕಾಳು ತುಂಬುವ ಹಗೇವೇ ನೆನಪಾಗುವುದು. 'ನಕಾಶೆಯಲ್ಲಿಲ್ಲದ ಹಗೇವು ತೋಡಿದ್ದಾರೆ, ನಡುವಿನ ಗೋಡೆಯ ಬುನಾದಿ ಸರಿಸಿದ್ದಾರೆ' ಎಂದು ಬರೆದೆ. ಕಂತು ನಿಂತಿತು.

ಅದು ನಿಂತರೆ ಏನಾಗುತ್ತದೆಂಬುದು ನನಗೆ ತಿಳಿದದ್ದು ಆಮೇಲೆ. ಗಂಡ-ಹೆಂಡತಿ ಕುಣಿಮಗ್ಗದ ನೇಕಾರರು. ಆ ಮಗ್ಗಕ್ಕೆ ಕೂತವರ ಕಾಲು ಇಳಿಬಿಡಲು ನೆಲ ತೋಡಬೇಕು. ತನ್ನ ನೆಲ ತೋಡಲು ಯಾವ ಮಾಲೀಕ ಬಿಡುತ್ತಾನೆ? ನಾಲ್ಕು ಬಾಡಿಗೆ ಮನೆಗಳಲ್ಲಿ ತೋಡಿ, ಬಿಡುವಾಗ ಮುಚ್ಚಿ, ಸಾರಿಸಿ ಕೊಟ್ಟು ಬಂದಿದ್ದರು. ಈಗಿನ ಮಾಲೀಕ ಶಹಾಬಾದ್ ಕಲ್ಲು ಹಾಸಿಸುತ್ತೇನೆ, ಕಾರ ಹುಣ್ಣಿಮೆಯೊಳಗೆ ಖಾಲಿ ಮಾಡಿ ಎಂದಿದ್ದ. ಅಷ್ಟರಲ್ಲಿ ಹೊಸ ಮನೆ ಏಳದಿದ್ದರೆ ಮಗ್ಗ ಬಿಚ್ಚಿ ಮಾರಬೇಕು.

ನಿವೃತ್ತಿಗೆ ಹತ್ತಿರವಾಗಿದ್ದ ನಮ್ಮ ಎಂಜಿನಿಯರರು ನನ್ನ ವರದಿ ಓದಿ, ನನ್ನನ್ನು ಕರೆದುಕೊಂಡು ಆ ಮನೆಗೆ ಹೊರಟರು. ಬೆಳಗ್ಗೆ ಎಂದು ಬರೆಯಬೇಕೆನಿಸುತ್ತದೆ, ಆದರೆ ಖಾತ್ರಿಯಿಲ್ಲ.

"ಏನವಾ, ಹಗೇವು ತೋಡೀರಂತಲ್ಲ?" ಎಂದರು.

"ಹಗೇವು ತುಂಬೋವಷ್ಟು ಕಾಳು ಇದ್ರ ಸರಕಾರದ ಮನಿ ಯಾಕ ಕೇಳ್ತಿದ್ವಿ, ಸಾಹೇಬ್ರ?" ಆ ಹೆಂಗಸು ನನ್ನ ಕಡೆ ನೋಡದೆಯೇ ಹೇಳಿದರು. "ಇದು ಮಗ್ಗದ ಕುಣಿ. ಕಾಲು ಇಳಿಬಿಟ್ಟು ಕುಂಡ್ರಿ, ತಿಳೀತೈತಿ."

ಎಂಜಿನಿಯರರು ಚಪ್ಪಲಿ ಬಿಟ್ಟು ಕೂತರು. ಆಕೆ ಅವರ ಮುಂದಿನಿಂದ ಒಂದು ದಾರ ಎಳೆದುಕೊಂಡು ಹೋಗಿ, ಮಗ್ಗದ ಉದ್ದಕ್ಕೆ ಬಿಗಿಯುವ ಹಾಸಿನ ನೂಲು ಎಲ್ಲಿಯವರೆಗೆ ಬೇಕೋ ಅಲ್ಲಿ ಇಟ್ಟಿಗೆ ಇಟ್ಟರು. ನಕಾಶೆಯಲ್ಲಿದ್ದ ಜಾಗದಲ್ಲೇ ಗೋಡೆ ಎದ್ದಿದ್ದರೆ ಆ ದಾರವನ್ನು ಕತ್ತರಿಸುತ್ತಿತ್ತು.

"ಗ್ವಾಡಿ ಹಿಂದ ಸರಿಸಿದ್ರ ಅಡಗಿಮನಿ ಸಣ್ಣದಾತಲ್ಲ?"

"ಮಗ್ಗ ನಡದ್ರ ಅಡಗಿ, ಸಾಹೇಬ್ರ."

ಪಕ್ಕದಲ್ಲಿ ನಿಂತಿದ್ದ ಗಂಡ ನಕ್ಕ. "ನನ್ನ ಬಿಟ್ಟಾಳ್ರಿ, ಮಗ್ಗ ಬಿಡಾಕಿ ಅಲ್ಲ."

ಎಂಜಿನಿಯರರು ಟೇಪು ಇಸಿದುಕೊಂಡು ಹೊರಗೋಡೆಯ ಬುನಾದಿಯ ಸುತ್ತ ತಾವೇ ಅಳೆದರು. ನಂತರ ನನಗೆ ಹೇಳಿದರು: "ಹೊರಗಿನ ಅಳತಿ ಬರೋಬ್ಬರಿ ಐತಿ. ಒಳಗಿನ ಗ್ವಾಡಿ ಇರಾವ್ರು ಹೇಳಿದಲ್ಲೇ ನಿಲ್ಲಲಿ. 'ಹಗೇವು' ಅನ್ನೂದನ್ನ ಕಾಟು ಹೊಡದು 'ಮಗ್ಗ' ಅಂತ ಬರಿ. ಸಹಿ ನಂದು."

ಅದು ಅವರ ಅಧಿಕಾರದ ಮಾತೋ ಧೈರ್ಯದ ಮಾತೋ ಇಂದಿಗೂ ತಿಳಿಯದು. ಮುಂದೆ ಅವರು ಬುನಾದಿಗೆ ಸುಣ್ಣದ ಗೆರೆ ಹಾಕಿಸುವ ಮೊದಲು ಎಲ್ಲರನ್ನೂ ಕೇಳತೊಡಗಿದ್ದಂತೂ ನಿಜ: "ಏನು ಉದ್ಯೋಗ ಮಾಡ್ತೀರಿ?" ಪಾತ್ರೆಗೆ ಕಲಾಯಿ ಹಾಕುವವನ ಮನೆ, ಒಲೆಗೆ ಅಂಗಳ ಬೇಕೆಂದು ಒಂದು ಗಜ ಹಿಂದೆ ಸರಿಯಿತು. ಬಡವರ ಮನೆಯೆಂದರೆ ಮಲಗುವ ಜಾಗ ಅಂದುಕೊಂಡಿದ್ದವನು ನಾನು.

ಕಾರ ಹುಣ್ಣಿಮೆಗೆ ಮನೆ ಮುಗಿದಿರಲಿಲ್ಲ. ಮೇಲೆ ಸ್ಲ್ಯಾಬ್ ಹಾಕಿಯಾಗಿತ್ತು, ಬಾಗಿಲಿರಲಿಲ್ಲ. ಆ ಜಾಗಕ್ಕೆ ಗೋಣಿತಟ್ಟು ಕಟ್ಟಿ ಮಗ್ಗವನ್ನು ಮೊದಲು ಒಳಗೆ ತಂದರು, ಹಾಸಿಗೆ ಪಾತ್ರೆ ಆಮೇಲೆ.

ಕೊನೆಯ ಫೋಟೋಕ್ಕೆ ಹೋದಾಗ ಒಳಗೆ ಲಾಳಿ ಓಡುತ್ತಿತ್ತು. ಹೊರಗೆ ಬಂದು ನಿಲ್ಲಲು ಕೂಗಿದೆ.

"ತಡೀರಿ," ಎಂದು ಒಳಗಿನಿಂದಲೇ ಹೇಳಿದರು. "ಗೇಣು ಉಳದೈತಿ. ಮುಗಿಸಿ ಬರ್ತೀನಿ."

ಯಾರಿಗೂ ಕಾಯದ ಎಂಜಿನಿಯರರು ಅಂದು ಜೊತೆಗೆ ಬಂದಿದ್ದರು, ಮೆಟ್ಟಿಲ ಮೇಲೆ ಕೂತು ಕಾದರು ಎಂದು ನೆನಪು. ಫೋಟೋದಲ್ಲಿ ಅವರಿಲ್ಲ. ಆಕೆ ಬಾಗಿಲಲ್ಲಿದ್ದಾರೆ, ಸೆರಗಿಗೆ ನೂಲಿನ ಎಳೆ ಅಂಟಿದೆ. ಮೆಟ್ಟಿಲ ತುದಿಯಲ್ಲಿ ಗಂಡಸರ ಒಂದು ಜೊತೆ ಚಪ್ಪಲಿ ಅರ್ಧ ಮಾತ್ರ ಕಾಣುತ್ತದೆ.