ಬ್ರೇಕಿನ ತಟ್ಟೆಗೆ ಹಚ್ಚಿದ ಕುಂಕುಮ

ಆಗ ನನಗ ಐವತ್ತೊಂದು. ಅದಾಗಿ ಹದಿನಾರು ವರ್ಷ ಆತು. ಹೋದ ವಾರ ಮೊಮ್ಮಗಳ ಹೊಸ ಬೈಕ್ ತರಾಕ ಹೊಸಪೇಟೆಯ ಶೋರೂಮಿಗೆ ಹೋಗಿದ್ದೆ. ಹೊಸ ಟೈರಿನ ವಾಸನಿ, ಅದರ ಜೋಡಿ ಎಣ್ಣಿಯಾಗ ಕಲಸಿದ ಕುಂಕುಮದ ವಾಸನಿ ಮೂಗಿಗೆ ಬಡೀತು. ಆ ಮೇಸ್ತ್ರಿ ನೆನಪಾದ.

ಅದೇ ಶೋರೂಮು. ಆಗ ತಗಡಿನ ಶೆಡ್ಡಿತ್ತು, ಈಗ ಗಾಜು ಹಾಕ್ಯಾರ. ಗಿರಾಕಿ ಕೈಗೆ ಕೀಲಿ ಕೊಡೋ ಮೊದಲು ಗಾಡಿ ಪರೀಕ್ಷೆ ಮಾಡೋದು ಅವನ ಕೆಲಸ. ಒಂದೊಂದು ನಟ್ಟಿಗೂ ಪಾನಾ ಹಾಕಿ ತಿರುವುತ್ತಿದ್ದ. ಚೈನು ಬೆರಳಿಂದ ಎತ್ತಿ ನೋಡುತ್ತಿದ್ದ. ಗಾಳಿ, ಲೈಟು, ಹಾರ್ನು… ಬ್ರೇಕ್ ಮಾತ್ರ ಮೂರು ಸಲ. ಪೂಜಿ ಆದ ಮ್ಯಾಲೆ ಕಾಲುವೆ ತನಕ ತಾನೇ ಒಂದು ಸುತ್ತು ಹೊಡೆದು ಬಂದ ಹೊರತು ಯಾರಿಗೂ ಕೀಲಿ ಕೊಡುತ್ತಿರಲಿಲ್ಲ.

ನನ್ನ ಗಂಡ ದೋಣಿಮಲೈ ಗಣಿಯಾಗ ಕೆಲಸಕ್ಕಿದ್ದ. ಬಸ್ ತಪ್ಪಿದ್ರ ಹಾಜರಿ ತಪ್ಪುತ್ತಿತ್ತು, ಅದಕ್ಕ ಬೈಕ್. ಅವನಿಗೆ ತಾಳ್ಮೆ ಅನ್ನೋದೇ ಇದ್ದಿಲ್ಲ.

“ಜಲ್ದಿ ಮುಗಸ್ರಿ ಮೇಸ್ತ್ರಿ. ಮದಲಗಿತ್ತಿ ನೋಡಿದಂಗ ನೋಡಾಕ ಹತ್ತೀರಿ.”

“ಮದಲಗಿತ್ತಿ ಸಿಟ್ಟಾದ್ರ ತವರಿಗೆ ಹೋಗ್ತಾಳ್ರಿ ಯಜಮಾನ್ರ. ಇದು ಸಿಟ್ಟಾದ್ರ ನಿಮ್ಮನ್ನ ಒಯ್ತದ.”

ಪೂಜಿಯಾಗ ತೆಂಗಿನಕಾಯಿ ನನ್ನ ಕೈ ಜಾರಿ ಬಿತ್ತು. “ಇವಳ ಕೈ ಹತ್ತಿದ್ದು ಯಾವುದೂ ಉದ್ಧಾರ ಆಗಂಗಿಲ್ಲ” ಅಂದ ನನ್ನ ಗಂಡ, ಎಲ್ಲರ ಮುಂದ. ಮೇಸ್ತ್ರಿ ತಲಿ ತಗ್ಗಿಸಿಕೊಂಡು ಕೈ ತೊಳೆಯಾಕ ಒಳಗ ಹೋದ.

ಹ್ಯಾಂಡಲ್ಲಿಗೆ, ಟ್ಯಾಂಕಿಗೆ, ಎಲ್ಲಾ ಕಡೆ ಕುಂಕುಮ ಆಗಿತ್ತು. ಮುಂದಿನ ಗಾಲಿಯಾಗ ತೂತು ತೂತಿನ ಒಂದು ಕಬ್ಬಿಣದ ತಟ್ಟೆ, ಬೆಳ್ಳಿ ಹಂಗ ಹೊಳೀತಿತ್ತು. ಅದೊಂದು ಬೋಳು. ಪುಡಿ ನಿಲ್ಲಲಿಲ್ಲ. ದೀಪದ ಎಣ್ಣಿಯಾಗ ಕಲಸಿ ಎರಡೂ ಮಗ್ಗಲು ಬಳಿದೆ. ಮ್ಯಾಲೆ ಚೆಂಡುಹೂವಿನ ಮಾಲಿ ಇಳಿಬಿಟ್ಟೆ, ತಟ್ಟೆ ಮರೆಯಾತು. ಅದು ಬ್ರೇಕ್ ಹಿಡಿಯೋ ತಟ್ಟೆ ಅಂತ ನನಗೇನು ಗೊತ್ತು.

ಸುತ್ತು ಹೊಡೆಯಾಕ ಮೇಸ್ತ್ರಿ ಹತ್ತಿ ಕುಂತ. ಲಿಂಬಿಹಣ್ಣು ಪಚ್ಚಂತ ಒಡೆದು ಗಾಡಿ ಹೊರಟಿತು. ರಸ್ತಾದ ಬಾಯಾಗ ಸಂಡೂರು ಕಡಿಯಿಂದ ಬಂದ ಅದಿರಿನ ಲಾರಿ ಅಡ್ಡ ತಿರುಗಿತು. ಮೇಸ್ತ್ರಿ ಬ್ರೇಕ್ ಹಿಡಿದಿದ್ದು ನಾನು ನೋಡಿದೆ. ಗಾಡಿ ನಿಲ್ಲಲಿಲ್ಲ. ಹಿಂದಿನ ಗಾಲಿ ಜಾರಿ ಲಾರಿಗೆ ಬಡಿದು ಬಿದ್ದ. ಟೊಂಕ ಮುರೀತು.

ಎಲ್ಲರಿಗಿಂತ ಮೊದಲು ಓಡಿದಾಕಿ ನಾನು. ಅಂವ ಬಿದ್ದಲ್ಲೇ ಕೈ ಚಾಚಿ ತಟ್ಟೆ ಮುಟ್ಟಿದ. ಬೆರಳಿಗೆ ಕೆಂಪು ಹತ್ತಿತು. ಎರಡು ಬೆರಳಾಗ ತಿಕ್ಕಿ ನೋಡಿದ, ನನ್ನ ನೋಡಿದ. ಆಮ್ಯಾಲೆ ಹೆಗಲ ಮ್ಯಾಲಿನ ಅರಿವಿ ತಗೊಂಡು ತಟ್ಟೆ ಒರೆಸಿದ… ಆ ನೋವಿನಾಗ, ಎರಡೂ ಮಗ್ಗಲು.

ಮಾಲಕ ಬಂದು ಕೂಗಿದ. “ಲೇ, ಬ್ರೇಕ್ ನೋಡಿದ್ಯೋ ಇಲ್ಲೋ?”

ಅಂವ ನನ್ನ ಗಂಡನ ಮುಖ ನೋಡಿದ.

“ಮರ್ತೆ ಸಾವ್ಕಾರ್ರ.”

ನಾನು ಬಾಯಿ ಬಿಡಲಿಲ್ಲ.

ಅವನನ್ನ ಕೆಲಸದಿಂದ ತೆಗೆದ್ರು. ಮಲಪನಗುಡಿಯಾಗ ಕೋಲು ಹಿಡಕೊಂಡು ಸೈಕಲ್ ಪಂಕ್ಚರ್ ಹಾಕ್ತಾನಂತ ಕೇಳಿದ್ದೆ. ಬಸ್ಸಿನಾಗ ಕುಂತು ಆ ಅಂಗಡಿ ಎಷ್ಟು ಸಲ ದಾಟೀನೋ… ಒಂದು ಸಲನೂ ಇಳಿಲಿಲ್ಲ. ಮುಂದೊಂದಿನ ಅಂಗಡಿ ಮುಚ್ಚಿತ್ತು. ಹೋದ ಅಂದ್ರು. ನನ್ನ ಗಂಡನೂ ಈಗಿಲ್ಲ.

ಈಗ ಅಲ್ಲಿ ಗಾಡಿ ಪರೀಕ್ಷೆ ಮಾಡಾಕಿ ಒಬ್ಬ ಹೆಣ್ಣುಮಗಳು. ಕಾಗದ ತೋರಿಸಿ ಮೊಮ್ಮಗಳಿಗೆ ಹೇಳಿದಳು: “ಹಿಂದಕ ಇಲ್ಲೊಬ್ಬ ಮೇಸ್ತ್ರಿ ಬ್ರೇಕ್ ನೋಡೋದು ಮರ್ತು ಬಿದ್ನಂತ್ರಿ. ಅವತ್ತಿಂದ ಇಬ್ಬರು ನೋಡಿ ಸಹಿ ಹಾಕ್ತೀವಿ.”

ಹದಿನಾರು ವರ್ಷ ಆದ್ರೂ ಅವನ ಹೆಸರು ಹಿಂಗ ನಿಂತದ.

“ಅಂವ ಮರ್ತಿದ್ದಿಲ್ಲ” ಅಂದೆ. “ಆ ತಟ್ಟೆಗೆ ಎಣ್ಣಿ ಕುಂಕುಮ ಬಳಿದಾಕಿ ನಾನು.”

ಆಕಿ ನಕ್ಕಳು. “ಬಿಡ್ರಿ ಅಜ್ಜಿ, ಯಾವ ಕಾಲದ ಮಾತು.”

ಮೊಮ್ಮಗಳ ಗಾಡಿ ತಟ್ಟೆ ನನ್ನ ಸೆರಗಿಂದ ಒರೆಸಿದೆ. ಅದಕ್ಕ ಏನೂ ಹತ್ತಿದ್ದಿಲ್ಲ. ಆದ್ರೂ ಒರೆಸಿದೆ.

ಆಗ, ಅಂವ ಬಿದ್ದ ಮರುದಿನ, ದಿನದಂಗ ನಸುಕಿನಾಗ ಎದ್ದೆ. ಪೂಜಿಗೆ ಒಯ್ದಿದ್ದ ಅದೇ ಬಟ್ಟಲದ ಕುಂಕುಮ ಹಣಿಗೆ ಇಟ್ಟುಕೊಂಡೆ. ಬುತ್ತಿ ಕಟ್ಟಿಕೊಂಡು ಬುಕ್ಕಸಾಗರಕ್ಕ ಭತ್ತದ ನಾಟಿಗೆ ಹೋದೆ.