ನಾಲ್ಕನೆಯ ತಟ್ಟೆ

ನನ್ನ ಅತ್ತಿಗೆ ಯಾದ್ವಿಗಾಳಿಗೆ ಸುಮ್ಮನೆ ಕೂರುವುದೇ ಗೊತ್ತಿಲ್ಲ. ಪೋಲೆಂಡಿನಿಂದ ನಾರ್ವೆಯ ಉತ್ತರದ ತುದಿಗೆ ಬಂದು ನಾವಿಬ್ಬರೂ ಒಂದೇ ಕಾರ್ಖಾನೆಯಲ್ಲಿ ಮೀನು ಕುಯ್ಯುತ್ತೇವೆ. ಮನೆ ಸೇರಿದ ಮೇಲೂ ಅವಳ ಕೈ ಏನನ್ನಾದರೂ ಉಜ್ಜುತ್ತಲೋ ಮಡಚುತ್ತಲೋ ಇರುತ್ತದೆ. ಆದರೆ ಈ ಸಲದ ಕ್ರಿಸ್ಮಸ್ ಹಿಂದಿನ ದಿನ ಅವಳ ಚಡಪಡಿಕೆಯೇ ಬೇರೆ. ಬೀಟ್‌ರೂಟ್ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದಳು.

ಕಾರಣ ಒಂದು ರೊಟ್ಟಿಬಿಲ್ಲೆ. ಕಾಗದದಷ್ಟು ತೆಳ್ಳಗಿನ ಆ ಬಿಳಿ ಬಿಲ್ಲೆಯನ್ನು ಊಟಕ್ಕೆ ಮೊದಲು ಒಬ್ಬರ ಕೈಯಿಂದ ಇನ್ನೊಬ್ಬರು ಮುರಿದು, ಹಳೆಯ ತಪ್ಪು ಮರೆತು ತಿನ್ನಬೇಕು. ಅವಳ ತಾಯಿ ಪ್ರತಿವರ್ಷ ಮಕ್ಕಳಿಬ್ಬರಿಗೂ ಬೇರೆ ಬೇರೆ ಕಳಿಸುತ್ತಿದ್ದರು. ಈ ಸಲ ಕಳಿಸಿದ್ದು ಒಂದೇ.

"ನಿಂಗೂ ರಾಡೆಕ್‌ಗೂ ಸೇರಿ ಅದೇ. ಮುರ್ಕೊಂಡು ತಿನ್ನಿ. ಆಮೇಲೆ ಫೋನ್ ಮಾಡಿ ಕೇಳ್ತೀನಿ," ಅಂದರಂತೆ.

ರಾಡೆಕ್ ಅವಳ ತಮ್ಮ. ಇದೇ ಬಂದರಿನ ಆಚೆ ದಡದಲ್ಲಿ, ದೋಣಿಯವರ ವಸತಿಯಲ್ಲಿದ್ದಾನೆ. ಅಪ್ಪ ಸತ್ತಾಗ ಅವನು ನಡುಸಮುದ್ರದಲ್ಲಿದ್ದ, ಮಣ್ಣಿಗೆ ಬರಲಾಗಲಿಲ್ಲ. ಅದು ಅತ್ತಿಗೆಗೂ ಗೊತ್ತು. ಗೊತ್ತಿದ್ದೂ "ನೀನು ನನ್ನ ಪಾಲಿಗೆ ಸತ್ತೆ" ಅಂದುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ನನ್ನ ಅಣ್ಣ ಲೆಶೆಕ್ ಕಿಟಕಿಯಲ್ಲಿ ಇಣುಕಿದ. ಮೊದಲ ನಕ್ಷತ್ರ ಕಂಡ ಮೇಲೆಯೇ ಉಪವಾಸ ಬಿಡುವುದು ನಮ್ಮ ರೂಢಿ. ಇಲ್ಲಿ ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದೇ ಇಲ್ಲ.

"ನಕ್ಷತ್ರ ಬೆಳಗ್ಗೆನೇ ಕಾಣಿಸ್ತು ಕಣೇ. ತಿಂಡಿ ಹೊತ್ತಿಗೇ ಊಟ ಮುಗಿಸ್ಬೋದಿತ್ತು!" ಅಂದ. ಅತ್ತಿಗೆ ನಗಲಿಲ್ಲ.

ಮೇಜಿನ ಮೇಲೆ ಮೂರೇ ತಟ್ಟೆ. ಕರೆಯದೆ ಬರುವ ಅತಿಥಿಗೆಂದು ಇಡುವ ನಾಲ್ಕನೆಯದು ಇರಲಿಲ್ಲ. ನಾನು ತೆಗೆಯಲು ಹೋದರೆ ಅತ್ತಿಗೆ ಕಪಾಟಿಗೆ ಅಡ್ಡ ನಿಂತಳು.

"ಬೇಡ. ತಟ್ಟೆ ಇಟ್ರೆ ಬಂದವ್ರನ್ನ ವಾಪಸ್ ಕಳ್ಸೋ ಹಾಗಿಲ್ಲ."

"ಅವ್ನು ಬಂದುಬಿಡ್ತಾನೆ ಅಂತ ಭಯಾನಾ ಅತ್ತಿಗೆ?" ಎಲುಬಿಲ್ಲದ ನಾಲಿಗೆ ನನ್ನದು.

"ಬರ್ದೇ ಹೋದ್ರೆ? ಆ ಖಾಲಿ ತಟ್ಟೆ ಎದುರಿಗೆ ಕೂತು ನಾನು ಹೇಗೆ ಉಣ್ಲಿ?" ಅಂದವಳೇ ಅತ್ತುಬಿಟ್ಟಳು.

ಆಮೇಲೆ ಮೂಗು ಒರೆಸಿಕೊಂಡು, ಬಿಲ್ಲೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಒಲೆ ಆರಿಸು ಎಂದು ಅಣ್ಣನಿಗೆ ಕೂಗಿ ನಾನೂ ಹಿಂದೆ ಓಡಿದೆ. ಬಂದರು ಬಳಸಿ ಹೋಗುವ ದಾರಿಯ ಮಂಜುಗಡ್ಡೆಯ ಮೇಲೆ ಅವಳು ಎರಡು ಸಲ ಜಾರಿ ಬಿದ್ದಳು. ಎರಡು ಸಲವೂ ನನ್ನನ್ನೇ ಬೈದಳು.

ಬಾಗಿಲು ತೆರೆದ ರಾಡೆಕ್ ಸೊರಗಿದ್ದ. ಹಿಂದೆ ಪುಟ್ಟ ಮೇಜಿನ ಮೇಲೆ ಎರಡು ತಟ್ಟೆ. ಒಂದರಲ್ಲಿ ಉಪ್ಪುಮೀನು, ಈರುಳ್ಳಿ. ಇನ್ನೊಂದು ಖಾಲಿ.

"ಯಾರಾದ್ರೂ ಬರೋರಿದಾರಾ?" ಅತ್ತಿಗೆ ಕೇಳಿದಳು.

"ಗೊತ್ತಿಲ್ಲ ಅಕ್ಕಾ. ಪ್ರತಿವರ್ಷ ಇಡ್ತೀನಿ."

ಅವಳು ಜೇಬಿಗೆ ಕೈ ಹಾಕಿದಳು. ಬಿದ್ದ ರಭಸಕ್ಕೆ ಬಿಲ್ಲೆ ಪುಡಿಪುಡಿಯಾಗಿತ್ತು. ಮುರಿಯಲು ಏನೂ ಉಳಿದಿರಲಿಲ್ಲ. ಪುಡಿಯನ್ನೆಲ್ಲ ಆ ಖಾಲಿ ತಟ್ಟೆಗೆ ಸುರಿದಳು.

"ಅಮ್ಮ ಕೇಳಿದ್ರೆ ಏನೋ ಹೇಳೋದು?"

ರಾಡೆಕ್ ಬೆರಳು ಒದ್ದೆ ಮಾಡಿಕೊಂಡು ಒಂದು ಚೂರನ್ನೆತ್ತಿ ಅಕ್ಕನ ಬಾಯಿಗಿಟ್ಟ. ಅವಳೂ ಹಾಗೇ ಮಾಡಿದಳು. ಪುಡಿ ಮುಗಿಯುವವರೆಗೆ ಒಬ್ಬರಿಗೊಬ್ಬರು ತಿನ್ನಿಸಿದರು.

"ಚಪ್ಪಲಿ ಬಿಟ್ಟು ಬೂಟ್ಸ್ ಹಾಕ್ಕೋ," ಅಂದಳು ಅತ್ತಿಗೆ ಕೊನೆಗೆ. "ಆ ತಟ್ಟೆನೂ ಎತ್ಕೋ. ನಮ್ಮನೇಲಿ ಒಂದು ಕಮ್ಮಿ ಇದೆ."