ಚೊಗರಿನಲ್ಲಿ ಮಿಂದ ಸ್ಪಂಜು

ಪಾತ್ರೆ ತಿಕ್ಕುವ ಸ್ಪಂಜನ್ನು ಮುಷ್ಟಿಯಲ್ಲಿ ಹಿಂಡಿ, ಕಟ್ಟೆಯ ಮೇಲಿಟ್ಟು ಗಮನಿಸಿದ್ದೀರಾ? ಯಾರೂ ಮುಟ್ಟದೆಯೇ ಅದು ಮೆಲ್ಲಗೆ ಮೈಮುರಿದೆದ್ದು ತನ್ನ ಪೂರ್ವಾಕಾರಕ್ಕೆ ಮರಳುತ್ತದೆ. ಮೂವತ್ತು ವರ್ಷ ಮಕ್ಕಳ ತಲೆಗೆ ವ್ಯಾಕರಣ ತಿಕ್ಕಿದ ನನಗೆ ನಿವೃತ್ತಿಯ ನಂತರ ಮನೆಯಲ್ಲಿ ದಕ್ಕಿದ್ದು ಪಾತ್ರೆಯ ಖಾತೆಯಾದ್ದರಿಂದ, ಇಂಥ ಕ್ಷುಲ್ಲಕ ದರ್ಶನಗಳಿಗೆ ಬರವಿಲ್ಲ. ಈಚೆಗೆ ಮಾತ್ರ ಅದು ಹಾಗೆ ಏಳುವುದನ್ನು ನೋಡಲು ಹೆದರಿಕೆಯಾಗುತ್ತದೆ.

ಕಾರಣ, ಅಕ್ಕನ ಮಗಳು ಮಾಲಿನಿ. ಅವಳ ಸಂಶೋಧನೆ ಕಡಲ ಸ್ಪಂಜಿನ ಮೇಲೆ. ಸ್ಪಂಜೆಂದರೆ ಗಿಡವಲ್ಲ, ಪ್ರಾಣಿ. ಅದರ ಜೀವಕೋಶಗಳನ್ನೆಲ್ಲ ಆಮ್ಲ, ಕ್ಷಾರಗಳಲ್ಲಿ ತೊಳೆದು ಕಳೆದರೆ ನಾರಿನ ಹಂದರವೊಂದು ಉಳಿಯುತ್ತದೆ. ಅದರ ಎಳೆಎಳೆಗೂ ಲೋಹವನ್ನೋ ಮತ್ತೊಂದನ್ನೋ ಕೂರಿಸಿದರೆ ಎರಡರ ಗುಣವೂ ಇರುವ ಹೊಸ ವಸ್ತು ಸಿದ್ಧ. ಒಕ್ಕಲು ಹೋದ ಮನೆಗೆ ಬೇರೆ ಒಕ್ಕಲು ಕೂರಿಸುವ ಕೆಲಸವೆಂದು ನಾನು ಅರ್ಥ ಮಾಡಿಕೊಂಡೆ. ಹಾಗೆ ತೊಳೆದಿಟ್ಟ ಬೆಳ್ಳನೆಯ ಹಂದರವೊಂದನ್ನು ಅವಳು ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಬಿಟ್ಟು, ಒಣಗದಂತೆ ತಟ್ಟೆಗೆ ದಿನಾ ನೀರೆರೆಯಲು ಹೇಳಿ ಹೋದಳು.

ಆಗ ಹೊಸನಗರದಿಂದ ಮಾಲಿನಿಯ ತಾಯಿ ಶಾರದಕ್ಕ ಬಂದಿದ್ದಳು. ಅವಳ ಸಂಗತಿ ಹೇಳಬೇಕು. ಹನ್ನೆರಡು ವರ್ಷದ ಹಿಂದೆ ಮಾಸ್ತಿಕಟ್ಟೆಯ ಕಡೆ ಹಿನ್ನೀರಿಗೆ ಬಲೆ ಬೀಸಲು ಹೋದ ಭಾವ ಮರಳಲಿಲ್ಲ. ತೆಪ್ಪ ದಡಕ್ಕೆ ಬಂತು, ಭಾವ ಬರಲಿಲ್ಲ. ದೇಹ ಸಿಗದವರಿಗೆ ಹುಲ್ಲಿನ ಗೊಂಬೆ ಮಾಡಿ ಸಂಸ್ಕಾರ ಮಾಡುವ ಪದ್ಧತಿಯುಂಟಲ್ಲ, ಅದನ್ನು ಮುಗಿಸಿಬಿಡೋಣವೆಂದು ಸಾಗರದ ನೆಂಟರು ಹೇಳಿ ಹೇಳಿ ಸೋತರು.

“ಹುಲ್ಲಿಗೆ ಬೆಂಕಿ ಕೊಟ್ಟ ಮೇಲೆ ಅವ್ರು ಬಂದ್ರೆ ನಾನು ಯಾವ ಮುಖ ತೋರ್ಸ್ಲಿ?” ಎನ್ನುತ್ತಿದ್ದಳು ಅಕ್ಕ. ಅಪ್ಪನ ಹೆಸರಿನಲ್ಲಿ ಒಂದು ತುತ್ತು ಎಡೆಯಿಡಲೂ ಆಗದೆ ಮಾಲಿನಿ ಒಳಗೊಳಗೇ ಬೇಯುತ್ತಿದ್ದಳು.

ಆ ಹಂದರ ಮನೆ ಸೇರಿದಂದಿನಿಂದ ತುಂಗೆಯ ದಂಡೆಯ ನಮ್ಮ ಮನೆಯಲ್ಲಿ ಕಡಲಿನ ವಾಸನೆ. ಬೆಳಿಗ್ಗೆ ತುಂಬಿಸಿದ ತಟ್ಟೆ ಮಧ್ಯಾಹ್ನಕ್ಕೆ ಬರಿದಾಗುತ್ತಿತ್ತು. ನೀರೆರೆದಾಗ ಹಂದರ ಹಿಗ್ಗಿ, ರಂಧ್ರಗಳಿಂದ ಗುಳ್ಳೆಗಳು ಏಳುತ್ತಿದ್ದವು. ಅಕ್ಕ ಅದರೆದುರು ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

“ನೋಡೋ, ಉಸ್ರು ಬಿಡ್ತದೆ.”

ಅದು ಬರೀ ಗಾಳಿಯೆಂದು ನಾನು ಮೇಷ್ಟ್ರ ಗತ್ತಿನಲ್ಲಿ ವಿವರಿಸಿದೆ. ಆದರೆ ಮರುದಿನ ಅವಳು ತಟ್ಟೆಯನ್ನು ಬಾಗಿಲಿನ ಕಡೆಗೆ ತಿರುಗಿಸಿ, ಪಿಸುದನಿಯಲ್ಲಿ ಏನೋ ಕೇಳಿ, ಉತ್ತರಕ್ಕೆ ಕಾಯುವವಳಂತೆ ಸುಮ್ಮನಾದದ್ದನ್ನು ಕಂಡಾಗ, ನಿಜ ಹೇಳುತ್ತೇನೆ, ಹಾಡುಹಗಲಲ್ಲೇ ಎದ್ದು ದೀಪ ಹಾಕಿದೆ.

ಮಾಲಿನಿ ಬರುವ ದಿನ ತಟ್ಟೆ ಖಾಲಿಯಿತ್ತು. ಒಲೆಯ ಪಕ್ಕ ಹಳೆಯ ಕಬ್ಬಿಣದ ಬಾಣಲೆ, ಅದರ ತುಂಬ ಅಡಿಕೆ ಬೇಯಿಸಿದ ಕೆಂಪು ಚೊಗರು. ಮೊರಕ್ಕೆ ಬಳಿಯಲೆಂದು ಅಕ್ಕನೇ ಊರಿಂದ ತಂದದ್ದು. ಎರಡು ದಿನದಿಂದ ಹಂದರ ಅದರೊಳಗೆ ಮುಳುಗಿತ್ತಂತೆ; ನೀರೆರೆಯುವ ಕೆಲಸ ಅಕ್ಕನೇ ವಹಿಸಿಕೊಂಡಿದ್ದರಿಂದ ನಾನು ನೋಡಿರಲಿಲ್ಲ. ಎತ್ತಿದರೆ ಇದ್ದಲಿನಂತೆ ಕಪ್ಪು, ಸೌದೆಯಂತೆ ಬಿರುಸು.

“ಅಮ್ಮಾ, ನನ್ನ ಪ್ರಯೋಗಕ್ಕೆ ಉಳಿದಿದ್ದು ಇದೊಂದೇ ಆಗಿತ್ತು!” ಮಾಲಿನಿಯ ದನಿ ಒಡೆಯಿತು.

“ಕೊಳೀಬಾರ್ದು ಅಂತ ಹಾಕ್ದೆ ಕಣೆ. ನಿಮ್ಮಪ್ಪನ ನೂಲಿನ ಬಲೇನೂ ನೀರಿಗಿಳಿಸೋ ಮೊದ್ಲು ಚೊಗರಲ್ಲೇ ಅದ್ದಿ ಕೊಡ್ತಿದ್ದೆ.”

ಮಾಲಿನಿ ಬ್ಲೇಡು ತಂದು ಅದನ್ನು ನಡುವಿಗೆ ಸೀಳಿದಳು. ನಟ್ಟನಡುವಿನವರೆಗೂ ಕಪ್ಪು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಸಿಟ್ಟು ಇಳಿದು ಬೆರಗು ಬಂದಿತ್ತು. ಚೊಗರೂ ಬಾಣಲೆಯ ಕಬ್ಬಿಣವೂ ಕೂಡಿ ನಾರನ್ನು ಹಿಡಿದುಕೊಂಡಿವೆಯೆಂದು ನನಗೆ ವಿವರಿಸಿ, ಅಮ್ಮನ ಕಡೆ ತಿರುಗಿದಳು.

“ಇನ್ನಿದು ಕೊಳಿಯೋದಿಲ್ಲಮ್ಮ.”

“ಇದ್ರೊಳಗೆ ಇತ್ತಲ್ಲ ಜೀವ, ಅದು ತಿರುಗಿ ಬಂದ್ರೆ ಇರೋಕೆ ಜಾಗ ಇದ್ಯಾ?”

ಮಾಲಿನಿ ನನ್ನ ಮುಖ ನೋಡಿದಳು. ಅವಳು ಅಮ್ಮನ ಪಕ್ಕ ಕುಳಿತು ಕೈ ಹಿಡಿದುಕೊಂಡಳು.

“ಇಲ್ಲಮ್ಮ. ಅದು ಬರಲ್ಲ. ಜಾಗಾನೂ ಇಲ್ಲ.”

ಅಕ್ಕ ಸೀಳಿದ ಹೋಳಿನ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನನ್ನು ಕರೆದಳು.

“ನಾಳೆ ಹುಲ್ಲು ತರ್ಸು. ಗೊಂಬೆ ನಾನೇ ಕಟ್ತೀನಿ. ಅವ್ರ ಎತ್ತರ ನಿಮ್ಗ್ಯಾರ್ಗೂ ಗೊತ್ತಿಲ್ಲ.”